ಪಾವಗಡದ ಬಿಸಿಲು ಮತ್ತು ಎಲೆಕ್ಟ್ರಿಕಲ್ ವಿಭಾಗದ ಖಾಲಿ ಸೀಟುಗಳು

ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಐದು ಗ್ರಾಮಗಳಲ್ಲಿ ಸುಮಾರು 13,000 ಎಕರೆ ಜಮೀನನ್ನು ರೈತರಿಂದ ಗುತ್ತಿಗೆಗೆ ಪಡೆದು ನಿರ್ಮಿಸಿದ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕಿನ ವಿಸ್ತಾರವನ್ನು ಎಲ್ಲರೂ ಹೊಗಳುತ್ತಾರೆ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಕಲಿಸುವ ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ: ಈ ವಿದ್ಯುತ್ತನ್ನು ಗ್ರಿಡ್ಡಿಗೆ, ಅಂದರೆ ವಿದ್ಯುತ್ ಜಾಲಕ್ಕೆ, ಹೊಂದಿಸಿ ನಡೆಸಬಲ್ಲ ಪದವೀಧರರನ್ನು ನಾವು ಸಾಕಷ್ಟು ಸಂಖ್ಯೆಯಲ್ಲಿ ತಯಾರು ಮಾಡುತ್ತಿದ್ದೇವೆಯೇ?

ಫಲಕಗಳನ್ನು ಜೋಡಿಸುವ, ದುರಸ್ತಿ ಮಾಡುವ ತಂತ್ರಜ್ಞರಿಗಾಗಿ ಕೇಂದ್ರ ಸರ್ಕಾರದ 600 ಗಂಟೆಗಳ, ಅಂದರೆ ಸುಮಾರು ಮೂರು ತಿಂಗಳ ‘ಸೂರ್ಯಮಿತ್ರ’ ತರಬೇತಿ 2015ರಿಂದ ಇದೆ. ಅದು ಬೇಕಾದದ್ದೇ. ಆದರೆ ಸೌರ ವಿದ್ಯುತ್ತಿನ ನಿಜವಾದ ಕಷ್ಟ ಫಲಕದಿಂದ ಆಚೆಗೆ ಶುರುವಾಗುತ್ತದೆ. ರಾಯಚೂರಿನ ಶಾಖೋತ್ಪನ್ನ ಘಟಕದಲ್ಲಾಗಲಿ ಶರಾವತಿಯಲ್ಲಾಗಲಿ ತಿರುಗುವ ಭಾರಿ ಯಂತ್ರಗಳ ಜಡತ್ವವೇ (ವೇಗ ತಟ್ಟನೆ ಬದಲಾಗಗೊಡದ ಗುಣ) ಗ್ರಿಡ್ಡಿನ 50 ಹರ್ಟ್ಸ್ ಆವರ್ತನ ಹಠಾತ್ತನೆ ಕುಸಿಯದಂತೆ ತಡೆಯುತ್ತದೆ. ಫಲಕದ ಡಿಸಿ ವಿದ್ಯುತ್ತನ್ನು ಎಸಿಗೆ ಬದಲಿಸುವ ಇನ್ವರ್ಟರಿನ ಮೂಲಕ ಬರುವ ಸೌರ ವಿದ್ಯುತ್ತಿಗೆ ಅಂಥ ಜಡತ್ವ ತಾನಾಗಿ ಇರುವುದಿಲ್ಲ. ತಂತಿ ಹರಿದು ಶಾರ್ಟ್ ಸರ್ಕ್ಯೂಟ್ ಆದಾಗ ದೊಡ್ಡ ಜನರೇಟರು ಹರಿಸುವಷ್ಟು ಪ್ರವಾಹವನ್ನು ಇನ್ವರ್ಟರು ಹರಿಸುವುದಿಲ್ಲವಾದ್ದರಿಂದ, ಹಳೆಯ ಲೆಕ್ಕಾಚಾರದಲ್ಲಿ ಹೊಂದಿಸಿದ ರಿಲೇಗಳು (ದೋಷ ಕಂಡೊಡನೆ ಆ ಮಾರ್ಗವನ್ನು ಕಡಿದುಹಾಕಿಸುವ ರಕ್ಷಣಾ ಸಾಧನಗಳು) ದೋಷವನ್ನು ಗುರುತಿಸದೆ ಹೋಗಬಹುದು. ಇದರ ಜೊತೆಗೆ ಮೋಡ ಯಾವಾಗ ಬಂದೀತೆಂದು ಅಂದಾಜಿಸಿ 15 ನಿಮಿಷಗಳ ಒಂದೊಂದು ಅವಧಿಗೂ ಉತ್ಪಾದನೆಯ ವೇಳಾಪಟ್ಟಿ ಕೊಡಬೇಕು, ಸೂರ್ಯ ಮುಳುಗುತ್ತಲೇ ಏರುವ ಬೇಡಿಕೆಗೆ ಜಲವಿದ್ಯುತ್ತನ್ನೋ ಬ್ಯಾಟರಿಯನ್ನೋ ಸಿದ್ಧವಾಗಿಟ್ಟಿರಬೇಕು. ಇವೆಲ್ಲ ಮೂರು ತಿಂಗಳಲ್ಲಿ ಕಲಿಸಿ ಮುಗಿಸುವ ವಿಷಯಗಳಲ್ಲ.

2030ರ ಹೊತ್ತಿಗೆ ಪಳೆಯುಳಿಕೆಯೇತರ ಮೂಲಗಳಿಂದ 500 ಗಿಗಾವಾಟ್ ಸಾಮರ್ಥ್ಯ ಸ್ಥಾಪಿಸುವ ಗುರಿಯನ್ನು ದೇಶ ಇಟ್ಟುಕೊಂಡಿರುವಾಗ, ನಮ್ಮ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸೀಟುಗಳು ಬೆಳೆಯುತ್ತಿವೆ, ಎಲೆಕ್ಟ್ರಿಕಲ್ ವಿಭಾಗದ ಸೀಟುಗಳು ಉಳಿದುಹೋಗುತ್ತಿವೆ. ಮಕ್ಕಳನ್ನು ದೂರುವಂತಿಲ್ಲ, ಮೊದಲ ಸಂಬಳದ ವ್ಯತ್ಯಾಸ ಅವರಿಗೂ ಅವರ ಮನೆಯವರಿಗೂ ಚೆನ್ನಾಗಿಯೇ ಗೊತ್ತಿದೆ. ಇದಕ್ಕೆ ಪರಿಹಾರವೆಂದು ‘ನವೀಕರಿಸಬಹುದಾದ ಇಂಧನ’ ಎಂಬ ಹೆಸರಿನ ಹೊಸ ಬಿ.ಇ. ಪದವಿಗಳನ್ನು ತೆರೆಯುವುದು ನನಗೆ ಒಪ್ಪಿಗೆಯಾಗುವುದಿಲ್ಲ. (ಹೆಸರು ಬದಲಾಯಿಸುವುದಕ್ಕೆ ಪ್ರಯೋಗಾಲಯ ಬೇಕಿಲ್ಲವಲ್ಲ!) ಪವರ್ ಸಿಸ್ಟಮ್ಸ್, ಪವರ್ ಎಲೆಕ್ಟ್ರಾನಿಕ್ಸ್, ಕಂಟ್ರೋಲ್ ಈ ಮೂರನ್ನೂ ಗಟ್ಟಿಯಾಗಿ ಕಲಿತವನು ಸೌರ, ಪವನ, ಬ್ಯಾಟರಿ ಯಾವುದಕ್ಕಾದರೂ ಒಗ್ಗಿಕೊಳ್ಳುತ್ತಾನೆ, ಇವುಗಳನ್ನು ಮೇಲುಮೇಲೆ ಓದಿದವನಿಗೆ ಪದವಿಯ ಹೆಸರು ಆಸರೆಯಾಗುವುದಿಲ್ಲ.

ಕೊರತೆ ಇರುವುದು ಉಪಕರಣಗಳಲ್ಲಿ ಮತ್ತು ಅನುಭವದಲ್ಲಿ. ಗ್ರಿಡ್ಡಿನ ವರ್ತನೆಯನ್ನು ಆ ಕ್ಷಣದಲ್ಲೇ ಅನುಕರಿಸಿ ತೋರಿಸುವ ಸಿಮ್ಯುಲೇಟರುಗಳು ಒಂದೊಂದು ಕಾಲೇಜಿನ ಕೈಗೆಟುಕದಷ್ಟು ದುಬಾರಿ. ಆದರೆ ಒಂದು ಜಿಲ್ಲೆಯ ಕಾಲೇಜುಗಳೆಲ್ಲ ಸೇರಿ ಒಂದನ್ನು ಹಂಚಿಕೊಂಡು ಬಳಸುವುದು ಅಸಾಧ್ಯವೇನಲ್ಲ. ಕೊನೆಯ ವರ್ಷದ ಇಂಟರ್ನ್‌ಶಿಪ್ಪನ್ನು ಪ್ರಮಾಣಪತ್ರಕ್ಕಷ್ಟೇ ಸೀಮಿತಗೊಳಿಸದೆ, ವಿದ್ಯಾರ್ಥಿಗಳನ್ನು ರಾಜ್ಯದ ವಿದ್ಯುತ್ ಬೇಡಿಕೆ-ಪೂರೈಕೆಯನ್ನು ಸರಿದೂಗಿಸುವ ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಅಥವಾ ಹತ್ತಿರದ ದೊಡ್ಡ ಸಬ್‌ಸ್ಟೇಷನ್ನಿನಲ್ಲಿ ಒಂದು ಪೂರ್ತಿ ಸೆಮಿಸ್ಟರ್ ಕೂರಿಸಬಹುದು. ಅವರೊಂದಿಗೆ ಅಧ್ಯಾಪಕರನ್ನೂ ಕಳಿಸಬೇಕು, ಏಕೆಂದರೆ ನಮ್ಮಲ್ಲಿ ಬಹಳಷ್ಟು ಮಂದಿ ಕಂಟ್ರೋಲ್ ರೂಮಿನಲ್ಲಿ ಒಂದು ಪಾಳಿಯನ್ನೂ ಕಳೆಯದೆಯೇ ಪವರ್ ಸಿಸ್ಟಮ್ಸ್ ಪಾಠ ಮಾಡುತ್ತಿದ್ದೇವೆ.