ತೋಡಿನ ಮೂರು ನೀರು

ಜೂನ್ 8, 2024, ಶನಿವಾರ
ಬೆಳ್ತಂಗಡಿ

ಮಧ್ಯಾಹ್ನದ ಮಳೆ ಬಿಟ್ಟ ಮೇಲೆ ತೋಟದಿಂದ ಬಂದ ಅಪ್ಪ ಕೊಡೆಯನ್ನು ಜಗಲಿಯ ಮೂಲೆಗೆ ಒರಗಿಸಿ, ನನ್ನ ಲ್ಯಾಪ್‌ಟಾಪಿನ ಮೇಲಿದ್ದ ಗೆರೆಯನ್ನು ನೋಡಿ "ಇದೆಂಥದು?" ಎಂದು ಕೇಳಿದರು. ಕಾಡಿನಿಂದಲೂ ತೋಟಗಳಿಂದಲೂ ತಿಂಗಳಿಗೆ ಎಷ್ಟು ಇಂಗಾಲ ನೇತ್ರಾವತಿ ನದಿಗೆ ಇಳಿಯುತ್ತದೆ ಎಂಬ ಲೆಕ್ಕ ಎಂದೆ. ಜೂನ್‌ನಲ್ಲಿ ಏರಲು ಹೊರಟು, ಜುಲೈಯಲ್ಲಿ ತುದಿ ಮುಟ್ಟಿ, ಮಳೆಯ ಜೊತೆಗೇ ಇಳಿಯುವ ಗೆರೆ ಅದು.

"ಜುಲೈಯಲ್ಲಿ ನೀರು ಹೆಚ್ಚು, ಅದು ಸರಿ. ಆದರೆ ತೋಡಿನ ನೀರು ಚಾ ಬಣ್ಣಕ್ಕೆ ತಿರುಗುವುದು ಈಗ, ಮೊದಲ ನಾಲ್ಕು ಮಳೆಗೆ. ಆಮೇಲೆ ಬರುವುದು ಕೆಂಪು ನೀರು. ನವರಾತ್ರಿ ಕಳೆಯುವಾಗ ತಳದ ಕಲ್ಲು ಕಾಣುತ್ತದೆ. ಈ ಮೂರು ನೀರು ನಿನ್ನ ಗೆರೆಯಲ್ಲಿ ಬೇರೆ ಬೇರೆ ಇದೆಯಾ?"

ಇರಲಿಲ್ಲ.

ತೋಡೆಂಬ ಸಣ್ಣ ಹಳ್ಳದ ಬಗ್ಗೆ ಅಪ್ಪ ಹೇಳಿದ ಮೂರು ನೀರೂ ಇಂಗಾಲ ಸಾಗುವ ಮೂರು ದಾರಿಗಳೇ. ಬೇಸಗೆಯುದ್ದಕ್ಕೂ ಬಿದ್ದು ಒಣಗಿದ ತರಗೆಲೆಯನ್ನು ತೊಯ್ಸಿ, ಅದರ ಸಾವಯವ ಇಂಗಾಲವನ್ನು ಕರಗಿಸಿಕೊಂಡು, ನೆಲದೊಳಗೆ ಆಳಕ್ಕಿಳಿಯದೆ ಮೇಲಿಂದ ಮೇಲೆ ಹರಿದು ಬಂದದ್ದು ಚಾ ಬಣ್ಣದ ನೀರು. ಇಳಿಜಾರಿನ ಮಣ್ಣನ್ನೇ ಕೊಚ್ಚಿ, ಆ ಮಣ್ಣಿನ ಕಣಗಳಿಗೆ ಅಂಟಿದ ಇಂಗಾಲವನ್ನು ಹೊತ್ತು ತಂದದ್ದು ಕೆಂಪು ನೀರು. ತಿಳಿನೀರಾದರೋ ಮುರಕಲ್ಲಿನ (ಜಂಬಿಟ್ಟಿಗೆಯ) ಮೂಲಕ ಇಂಗಿ ಬಂದದ್ದು; ಆ ಕಲ್ಲಿನ ಕಬ್ಬಿಣದ ಆಕ್ಸೈಡುಗಳು ಕರಗಿದ ಸಾವಯವ ಇಂಗಾಲವನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದಕ್ಕೆ ಬಣ್ಣವಿಲ್ಲ. ಈ ಗೆರೆ ಬರೆದ ನನ್ನ ಕಂಪ್ಯೂಟರ್ ಮಾದರಿಯಲ್ಲಿ ಮಣ್ಣಿಗೆಲ್ಲ ಸೇರಿ ಒಂದೇ ಖಾನೆ, ಕಾಲಕ್ಕೆ ಒಂದು ತಿಂಗಳ ಹೆಜ್ಜೆ. ಮೊದಲ ಮಳೆಯ ಎರಡು ಗಂಟೆಗಳಲ್ಲಿ ನಡೆದುಹೋಗುವ ಸಂಗತಿ ಜೂನ್ ತಿಂಗಳ ಸರಾಸರಿಯಲ್ಲಿ ಹೇಳಹೆಸರಿಲ್ಲದೆ ಕರಗಿಹೋಗುತ್ತದೆ.

"ಹಾಗಾದರೆ ತಿಳಿನೀರಿನಲ್ಲಿ ನಿನಗೆ ಬೇಕಾದ್ದು ಏನೂ ಇಲ್ಲ" ಎಂದರು ಅಪ್ಪ. "ಅಪ್ಪಾ, ಇದೆ, ನಿಮ್ಮ ಕಣ್ಣಿಗೆ ಕಾಣುವುದಿಲ್ಲ" ಎಂದೆ. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡುವುದರಿಂದ ಮಣ್ಣಿನೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನ ಗಾಳಿಗಿಂತ ಹತ್ತಾರು ಪಟ್ಟು ಹೆಚ್ಚಿರಬಹುದು. ಇಂಗುವ ನೀರು ಅದನ್ನು ಕರಗಿಸಿಕೊಂಡು ಒರತೆಯಲ್ಲಿ ಹೊರಬರುತ್ತದೆ. ಘಟ್ಟದ ಕಲ್ಲುಗಳ ಮೇಲೆ ನೊರೆಯೆದ್ದು ಧುಮುಕುವಾಗ ಅದರ ಬಹುಪಾಲು ಅಲ್ಲಲ್ಲಿಯೇ ಗಾಳಿಗೆ ಸೇರುತ್ತದೆ. ನಾವು ನೀರಿನ ಮಾದರಿ ಸಂಗ್ರಹಿಸುವುದಾದರೋ ವಾಹನ ಹೋಗುವ ಸೇತುವೆಗಳಲ್ಲಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆ ನದಿ ಬಂದು ಕೂಡಿದ ನಂತರದ ಹೊಳೆಯಲ್ಲಿ. ಅಷ್ಟರಲ್ಲಿ ಹೋಗಬೇಕಾದದ್ದು ಹೋಗಿಯಾಗಿರುತ್ತದೆ.

ಈ ಮಾತು ನನ್ನನ್ನು ಇಷ್ಟು ಕಾಡುವುದಕ್ಕೆ ಕಾರಣವಿದೆ. ಜಗತ್ತಿನ ಒಳನಾಡಿನ ನೀರಿಗೆ ನೆಲದಿಂದ ವರ್ಷಕ್ಕೆ ಸುಮಾರು 190 ಕೋಟಿ ಟನ್ ಇಂಗಾಲ ಬರುತ್ತದೆ, ಅದರಲ್ಲಿ 90 ಕೋಟಿ ಟನ್ ಕಡಲು ಸೇರಿದರೆ ಉಳಿದದ್ದು ಗಾಳಿಗೆ ಮರಳುತ್ತದೆ ಅಥವಾ ಹೂಳಿನಲ್ಲಿ ಹುದುಗುತ್ತದೆ ಎಂದು ವಿಜ್ಞಾನಿ ಜೊನಾಥನ್ ಕೋಲ್ ಮತ್ತು ಸಂಗಡಿಗರು 2007ರಲ್ಲಿ ಅಂದಾಜಿಸಿದ್ದರು. 2013ರಲ್ಲಿ ಪೀಟರ್ ರೇಮಂಡ್ ಮತ್ತು ಸಂಗಡಿಗರ ಲೆಕ್ಕದಲ್ಲಿ ಗಾಳಿಗೆ ಮರಳುವ ಪಾಲೊಂದೇ 210 ಕೋಟಿ ಟನ್ ಆಯಿತು, ಅಂದರೆ ಹಳೆಯ ಲೆಕ್ಕದ ಒಟ್ಟು ಒಳಹರಿವಿಗಿಂತಲೂ ಹೆಚ್ಚು. ಅದರಲ್ಲಿ 180 ಕೋಟಿ ಟನ್ ತೊರೆ ಮತ್ತು ನದಿಗಳದ್ದು. ಹೆಸರಿಲ್ಲದ ತೋಡುಗಳನ್ನು ಬಿಟ್ಟು ಮಾಡಿದ ಲೆಕ್ಕವನ್ನು ನದಿಯ ಲೆಕ್ಕವೆಂದು ಒಪ್ಪಿಸುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಸಂಜೆ ಕಾಲದ ಹೆಜ್ಜೆಯನ್ನು ತಿಂಗಳಿನಿಂದ ದಿನಕ್ಕೆ ಇಳಿಸಿದೆ. ಅಪ್ಪ ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ ಬರೆದಿಡುವ ಪುಸ್ತಕದಲ್ಲಿ ದಿನಕ್ಕೊಂದು ಅಂಕಿ ಇರುವುದರಿಂದ ಸದ್ಯಕ್ಕೆ ಅದಕ್ಕಿಂತ ಸಣ್ಣ ಹೆಜ್ಜೆ ಸಾಧ್ಯವಿಲ್ಲ. ತರಗೆಲೆಗೊಂದು, ಮೇಲ್ಮಣ್ಣಿಗೊಂದು, ಮುರಕಲ್ಲಿಗೊಂದು ಎಂದು ಮೂರು ಖಾನೆ ಮಾಡಿ, ಕತ್ತಲಾಗುವ ಮೊದಲು ತೋಡಿಗಿಳಿದು ಎರಡು ಬಾಟಲಿ ನೀರು ತುಂಬಿಸಿ ತಂದೆ.

ಊಟದ ಹೊತ್ತಿಗೆ ಅಪ್ಪ ಇನ್ನೊಂದು ಮಾತು ತೆಗೆದರು. ಡಿಸೆಂಬರಿನಲ್ಲಿ ತೋಡಿಗೆ ಹಾಕಿದ ಕಟ್ಟದ ಹಿಂದೆ ಬೇಸಗೆ ಮುಗಿಯುವವರೆಗೂ ಎಲೆ ಕೊಳೆತು ಕಪ್ಪು ಕೆಸರಾಗುತ್ತದೆ. ದೊಡ್ಡ ಮಳೆಗೆ ಕಟ್ಟ ಒಡೆದಾಗ ಅದು ಒಮ್ಮೆಗೇ ಕೊಚ್ಚಿಹೋಗುತ್ತದೆ. ಹಾಗಾದರೆ ಇವತ್ತು ಕಂಡ ಚಾ ಬಣ್ಣದಲ್ಲಿ ಬೆಟ್ಟದ ಎಲೆಯದೆಷ್ಟು, ಕಟ್ಟದ ಕೆಸರಿನದೆಷ್ಟು? ಆ ಕೆಸರನ್ನು ನೆಲದ ಖಾನೆಗೆ ಸೇರಿಸಿದರೆ ಆರು ತಿಂಗಳು ನೀರಿನಡಿಯಲ್ಲೇ ಕೊಳೆತದ್ದು ಬಿಟ್ಟುಹೋಗುತ್ತದೆ, ನೀರಿನ ಖಾನೆಗೆ ಸೇರಿಸಿದರೆ ಆ ಎಲೆ ಮೊದಲು ತೋಡಿಗೆ ಬಿದ್ದದ್ದು ಯಾವಾಗ ಎಂಬುದು ಬಿಟ್ಟುಹೋಗುತ್ತದೆ.