ಎಲ್ಲಾ ತಪ್ಪೂ ಬೆಂಗಳೂರು ಗಾಡಿಯದ್ದೇನಾ?

ಮೈಸೂರಿನಲ್ಲಿ ಶನಿವಾರ ಎಲ್ಲಾದರೂ ಟ್ರಾಫಿಕ್ ನಿಂತಿತು ಅಂದರೆ ಪಕ್ಕದ ಸ್ಕೂಟರಿನವರಿಂದ ಬರುವ ಮಾತು ಒಂದೇ. "ಬೆಂಗಳೂರವರು ಬಂದ್ರು ನೋಡಿ." 2023ರ ಮಾರ್ಚ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದ ಮೇಲಂತೂ ಈ ಮಾತು ಜಾಸ್ತಿ ಆಗಿದೆ. ದಾರಿ ಸಲೀಸಾಯಿತು, ದೋಸೆ ತಿನ್ನೋಕೆ ಅಂತಲೇ ಬಂದು ಹೋಗುವವರಿದ್ದಾರೆ. ಬರಲಿ ಬಿಡಿ.

ನಾನು ಬೈಯುವ ಮೊದಲು ನಂಬರ್ ಪ್ಲೇಟ್ ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ರಿಂಗ್ ರೋಡಿನಲ್ಲಿ ಡಿವೈಡರ್ ಪಕ್ಕ ಎದುರಿಗೇ ಬರುವ ಗಾಡಿ ನೋಡಿ. ಕೆಎ 09, ಇಲ್ಲಾಂದ್ರೆ 55. ನಮ್ಮವೇ. ಯೋಚಿಸಿದರೆ ಅದರಲ್ಲಿ ಆಶ್ಚರ್ಯ ಏನೂ ಇಲ್ಲ, ರಾಂಗ್ ಸೈಡಿನಲ್ಲಿ ಬರೋಕೂ ಊರು ಗೊತ್ತಿರಬೇಕು ಅಲ್ವಾ? ಯು ಟರ್ನ್ ಎಷ್ಟು ದೂರ, ಯಾವ ಸಂದಿಯಲ್ಲಿ ನುಗ್ಗಿದರೆ ಬೇಗ ಮನೆ ಸೇರಬಹುದು, ಯಾವ ಹೊತ್ತಿನಲ್ಲಿ ಪೊಲೀಸ್ ಇರಲ್ಲ, ಇದೆಲ್ಲ ಹೊರಗಿನವನಿಗೆ ಹೇಗೆ ತಿಳಿಯಬೇಕು. ಅವನು ಪಾಪ ಮೊಬೈಲ್ ಮ್ಯಾಪ್ ಹೇಳಿದ ಹಾಗೆ ಅಳುಕುತ್ತಾ ಹೋಗುತ್ತಿರುತ್ತಾನೆ, ನಾವು ಹಿಂದಿನಿಂದ ಹಾರನ್ ಹೊಡೆಯುತ್ತಿರುತ್ತೇವೆ. ಬೆಂಗಳೂರಿನವರೇನು ದೇವರಲ್ಲ. ಆದರೆ ಅವರು ಭಾನುವಾರ ಸಂಜೆ ಹೊರಟು ಹೋಗುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ಇಲ್ಲಿ ಓಡಿಸುತ್ತಿರುವುದು ಯಾರು?

ಸರ್ಕಲ್ ವಿಷಯಕ್ಕೆ ಬನ್ನಿ. ನಮ್ಮದು ಸರ್ಕಲ್‌ಗಳ ಊರು. ಕೆ.ಆರ್. ಸರ್ಕಲ್, ಚಾಮರಾಜ ಸರ್ಕಲ್, ಹಾರ್ಡಿಂಜ್ ಸರ್ಕಲ್ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ನೆಂಟರಿಗೆ ತೋರಿಸುತ್ತೇವೆ, ಆದರೆ ಸರ್ಕಲ್ ಒಳಗೆ ಹೋಗುವುದು ಹೇಗೆ ಅಂತ ಕೇಳಿದರೆ ಹೆಚ್ಚಿನವರ ಉತ್ತರ 'ಧೈರ್ಯವಾಗಿ' ಅಂತ. ದೊಡ್ಡ ಕಡೆ ಪೊಲೀಸರು ನೋಡಿಕೊಳ್ಳುತ್ತಾರೆ. ಗೋಳು ಇರುವುದು ಬಡಾವಣೆಗಳ ಒಳಗಿನ ಸಣ್ಣ ಸರ್ಕಲ್‌ಗಳಲ್ಲಿ. ಅಲ್ಲಿ ಬಸ್ಸಿಗೆ ಕಾರು ಹೆದರಬೇಕು, ಕಾರಿಗೆ ಸ್ಕೂಟರ್ ಹೆದರಬೇಕು, ನಡೆಯುವವರು ಎಲ್ಲರಿಗೂ ಹೆದರಬೇಕು.

ನಿಯಮ ಇದೆ. 2017ರಲ್ಲಿ ಬಂದ ಚಾಲನಾ ನಿಯಮಗಳ ಪ್ರಕಾರ ಸರ್ಕಲ್‌ನಲ್ಲಿ ಆಗಲೇ ಸುತ್ತುತ್ತಿರುವ ಗಾಡಿಗೆ ಮೊದಲ ದಾರಿ. ಹೊಸದಾಗಿ ಬರುವವನು ಬಲಗಡೆ ನೋಡಿ, ಬೇಕಾದರೆ ನಿಂತು, ಆಮೇಲೆ ಒಳಗೆ ಬರಬೇಕು. ಬಸ್ಸಿನ ಬಾಗಿಲಲ್ಲಿ ಇಳಿಯುವವರಿಗೆ ಮೊದಲು ಜಾಗ ಬಿಡುವ ಹಾಗೆ, ಅಷ್ಟೇ. ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ. ನಾಲ್ಕೂ ಕಡೆಯಿಂದ ನುಗ್ಗಿದರೆ ಸರ್ಕಲ್ ತುಂಬಿಹೋಗುತ್ತೆ, ಒಬ್ಬ ಹೊರಗೆ ಹೋಗಬೇಕಾದ ದಾರಿಗೆ ಇನ್ನೊಬ್ಬನ ಗಾಡಿ ಅಡ್ಡ ನಿಂತಿರುತ್ತೆ, ಅವನ ದಾರಿಗೆ ಮತ್ತೊಬ್ಬನದು, ಕೊನೆಗೆ ಯಾರೂ ಅಲ್ಲಾಡೋ ಹಾಗಿಲ್ಲ. ಆಮೇಲೆ ಎಲ್ಲರೂ ಸೇರಿ ಹಾರನ್. ಹೊರಗೆ ಹೋಗುವಾಗ ಎಡಗಡೆ ಇಂಡಿಕೇಟರ್ ಹಾಕಿದರೆ ಎದುರು ಕಾಯುತ್ತಿರುವವನಿಗೆ ಗೊತ್ತಾಗುತ್ತೆ, ಸುಮ್ನೆ ನಿಲ್ಲುವುದು ತಪ್ಪುತ್ತೆ. ಬೆರಳಿಗೆ ಸಿಗುವ ಹಾಗೆಯೇ ಇದೆ ಆ ಕಡ್ಡಿ. ಆದರೂ ಹಾಕಲ್ಲ. ನಾನು ಎಲ್ಲಿ ತಿರುಗ್ತೀನಿ ಅಂತ ನನಗೆ ಗೊತ್ತಿದೆಯಲ್ಲ, ಅಷ್ಟು ಸಾಕು.

ಹಿಂದೆ ಲಾರಿಯವರು ಕಿಟಕಿಯಿಂದ ಕೈ ಹೊರಗೆ ಹಾಕಿ ನಿಧಾನಕ್ಕೆ ಬೀಸಿ ಮುಂದೆ ಹೋಗು ಅನ್ನುತ್ತಿದ್ದರು. ಎದುರು ಗಾಡಿ ಇದ್ದರೆ ಅದೇ ಕೈ ನಿಲ್ಲು ಅನ್ನುತ್ತಿತ್ತು. ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಮಾಡುತ್ತಾರೆ. ಕಾರುಗಳಿಗೆ ಎಸಿ ಬಂತು, ಗಾಜು ಮೇಲೆ ಹೋಯಿತು, ಕೈ ಒಳಗೇ ಉಳಿಯಿತು. ಈಗ ನಮ್ಮ ಹತ್ತಿರ ಮಾತಾಡೋಕೆ ಉಳಿದಿರುವುದು ಹಾರನ್ ಮತ್ತು ಲೈಟು. ಎರಡರಿಂದಲೂ ಬೈಯಬಹುದು, ಥ್ಯಾಂಕ್ಸ್ ಹೇಳುವುದು ಕಷ್ಟ. ಲೈಟ್ ಮಿಣುಕಿಸಿದರೆ 'ನೀನು ಹೋಗು' ಅಂತಲೋ, 'ನಾನು ಬರ್ತಾ ಇದ್ದೀನಿ, ಸರಿ' ಅಂತಲೋ? ಇಬ್ಬರು ಎರಡು ಥರ ತಿಳಿದುಕೊಂಡರೆ ಮುಗಿಯಿತು ಕತೆ.

ಟಾಂಗಾ ಹಿಂದೆ ಹಾರನ್ ಹೊಡೆಯುವವರ ಬಗ್ಗೆ ಏನು ಹೇಳೋಣ. ಕುದುರೆಗೆ ನಿಮ್ಮ ಅವಸರ ಅರ್ಥ ಆಗಲ್ಲ, ಅದಕ್ಕೆ ಗೊತ್ತಾಗುವುದು ಹೆದರಿಕೆ ಒಂದೇ. ಆಂಬುಲೆನ್ಸ್‌ಗೆ ದಾರಿ ಬಿಡದಿದ್ದರೆ 2019ರ ತಿದ್ದುಪಡಿ ಆದ ಮೇಲೆ 10,000 ರೂಪಾಯಿವರೆಗೆ ದಂಡ ಇದೆ. ನಮ್ಮವರು ಬಿಡುತ್ತಾರೆ, ಅದನ್ನು ಒಪ್ಪಬೇಕು. ಬಿಟ್ಟ ಮರುಕ್ಷಣ ಅದರ ಬಾಲ ಹಿಡಿದುಕೊಂಡು ಹಿಂದೆಯೇ ಓಡುವ ಕಾರೂ ಇರುತ್ತೆ. ಒಳಗೆ ರೋಗಿಯ ಕಡೆಯವರೇ ಇರಬಹುದು ಅಂದುಕೊಂಡು ಸುಮ್ಮನಾಗುತ್ತೇನೆ. ಪ್ರತಿ ಸಲವೂ ಹಾಗೇ ಇರೋಕೆ ಸಾಧ್ಯವಾ?

ಇನ್ನು ಮಂಡ್ಯ ಕಡೆಯ ಮಾತು. ಇದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ನಿಯಮ ಸರಿಯೇ ಇದೆ. ಆದರೆ ಅವೆಲ್ಲ ಈಗ ಸರ್ವೀಸ್ ರೋಡಿನಲ್ಲಿವೆ. ಅದೇ ಸರ್ವೀಸ್ ರೋಡಿನಲ್ಲಿ ಟೋಲ್ ಉಳಿಸುವ ಕಾರು, ಊರಿಂದ ಊರಿಗೆ ಹೋಗುವ ಬಸ್ಸು, ಎದುರಿಂದ ಬರುವ ನಮ್ಮ ರಾಂಗ್ ಸೈಡ್ ವೀರರು. ಕಬ್ಬು ಕಡಿಯುವ ಕಾಲದಲ್ಲಿ ಕತ್ತಲಾದ ಮೇಲೆ ಬೈಕಿನಲ್ಲಿ ಹೋಗಿ ನೋಡಿ. ಎದುರಿನ ಕಾರಿನವನು ಹೈ ಬೀಮ್ ಇಳಿಸಲ್ಲ, ಹೊರಗೆ ಹಾಕಿಸಿಕೊಂಡ ಬಿಳಿ ಎಲ್ಇಡಿ ಬೇರೆ, ಕಣ್ಣು ಕುರುಡಾಗುತ್ತೆ. ಅವನು ದಾಟಿದ ಮೇಲೂ ಸ್ವಲ್ಪ ಹೊತ್ತು ಏನೂ ಕಾಣಲ್ಲ. ಆ ಸ್ವಲ್ಪ ಹೊತ್ತಿನಲ್ಲೇ ಮುಂದೆ ಕಬ್ಬಿನ ಟ್ರೇಲರ್ ಇದ್ದರೆ?

ಕಾರಿನವರಿಗೆ ಹೇಳುವುದು ಸುಲಭ. ಮೀಟರ್ ಹತ್ತಿರ ಒಂದು ನೀಲಿ ದೀಪ ಉರಿಯುತ್ತಿದ್ದರೆ ನಿಮ್ಮ ಹೈ ಬೀಮ್ ಆನ್ ಇದೆ ಅಂತ ಅರ್ಥ. ಎದುರು ಗಾಡಿ ಕಂಡರೆ ಆ ನೀಲಿ ಆರಿಸಿ. ನಿಮ್ಮ ಲೈಟು ಎದುರಿನವನ ಕಣ್ಣಿಗೆ ಹೇಗೆ ಹೊಡೆಯುತ್ತೆ ಅಂತ ನಿಮ್ಮ ಸೀಟಿನಲ್ಲಿ ಕೂತರೆ ಗೊತ್ತಾಗಲ್ಲ, ಅದಕ್ಕೇ ಆ ದೀಪ ಇಟ್ಟಿರುವುದು.

ಟ್ರ್ಯಾಕ್ಟರ್‌ನವರ ಹತ್ತಿರ ಮಾತಾಡುವುದು ಸ್ವಲ್ಪ ಕಷ್ಟ. ಅವರಿಗೆ ಫ್ಯಾಕ್ಟರಿ ಮುಂದೆ ಕ್ಯೂ, ನಿದ್ದೆ ಇಲ್ಲ, ಕಬ್ಬು ಒಣಗಿದರೆ ತೂಕ ಹೋಗುತ್ತೆ. ಉಪದೇಶ ಕೇಳುವ ಸ್ಥಿತಿಯಲ್ಲಿ ಇರಲ್ಲ. ಆದರೂ ಒಂದು ಮಾತು. ಟ್ರೇಲರ್ ಹಿಂದಿನ ಹಲಗೆಗೆ ಅಂಟಿಸಿದ ರೇಡಿಯಂ ಸ್ಟಿಕರ್ ಕಬ್ಬು ತುಂಬಿದ ಮೇಲೆ ಕಾಣುವುದೇ ಇಲ್ಲ, ಮೇಲಿನ ಜಲ್ಲೆಗಳು ಇಳಿಬಿದ್ದು ಮುಚ್ಚಿಬಿಡುತ್ತವೆ. ಕೆಂಪು ಬಟ್ಟೆ ಕಟ್ಟುತ್ತೀರಲ್ಲ, ಅದು ಹಗಲಿಗೆ ಸರಿ, ರಾತ್ರಿ ಕಪ್ಪೇ. ರೇಡಿಯಂ ಅಂಟಿಸಿದ ಒಂದು ಗೋಣಿಪಟ್ಟಿ ಮಾಡಿಕೊಂಡು, ಲೋಡ್ ಆದ ಮೇಲೆ, ಹೊರಗೆ ಚಾಚಿರುವ ಕಬ್ಬಿನ ತುದಿಗೆ ಕಟ್ಟಿ. ಫ್ಯಾಕ್ಟರಿಯಲ್ಲಿ ಬಿಚ್ಚಿ ಸೀಟಿನ ಕೆಳಗೆ ಹಾಕಿಕೊಂಡರೆ ಇಡೀ ಸೀಸನ್‌ಗೆ ಅದೇ ಆಗುತ್ತೆ.