ತನಿಗೆ ಬಿಡುವ ಹೊತ್ತು

2021ರ ಮೇ ತಿಂಗಳ ಕೋವಿಡ್ ಲಾಕ್‌ಡೌನು. ಸೋಮವಾರ ಸಂಜೆಯಿಂದ ಪಕ್ಕದ ಮನೆಯ ಮೃದಂಗ ಒಂದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ಅಷ್ಟರವರೆಗೆ ಸರಾಗ, ಆಮೇಲೆ ಮೌನ, ಮತ್ತೆ ಮೊದಲಿನಿಂದ. ಗೋಡೆಯ ಈಚೆ ನನಗೆ ಹಾಡು ಕೇಳಿಸುತ್ತಿರಲಿಲ್ಲ, ಅದು ನುಡಿಸುವವರ ಇಯರ್‌ಫೋನಿನಲ್ಲಿತ್ತು.

ಮಾರನೇ ದಿನ ಟೆರೇಸಿನಲ್ಲಿ ದೂರ ನಿಂತೇ ಕೇಳಿದೆ. ಆನ್‌ಲೈನ್ ಸಂಗೀತ ಕಛೇರಿಯಂತೆ. ಮೂವರೂ ಅವರವರ ಮನೆಯಿಂದ ಒಟ್ಟಿಗೆ ನುಡಿಸೋಣವೆಂದರೆ ಇಂಟರ್ನೆಟ್ಟಿನಲ್ಲಿ ದನಿ ಚೂರು ತಡವಾದರೂ ತಾಳ ಕೆಡುತ್ತದೆ. ಅದಕ್ಕೇ ಗಾಯಕಿ ಮೊದಲು ಹಾಡಿ ಕಳಿಸಿದ್ದಾರೆ, ಅದರ ಮೇಲೆ ಪಿಟೀಲು, ಕೊನೆಗೆ ಇವರು.

"ಎಲ್ಲಾ ಸರಿ. ತನಿಗೆ ಬಿಡುವಾಗ ತಿರುಗಿ ಮುಖ ನೋಡ್ತಾರಲ್ಲ, ಅದಿಲ್ಲ. ಅಲ್ಲೇ ಕೈ ನಿಂತುಹೋಗುತ್ತೆ" ಅಂದರು. ತನಿ ಎಂದರೆ ಹಾಡು ನಿಂತು ಮೃದಂಗವೊಂದೇ ನುಡಿಯುವ ಭಾಗ; ಹಾಡುವವರು ತಿರುಗಿ ನೋಡಿ ಅದಕ್ಕೆ ಜಾಗ ಬಿಡುತ್ತಾರೆ. ಮೃದಂಗದ ಎಡಮುಖಕ್ಕೆ ಮೆತ್ತುವ ರವೆ ಎಡಗೈ ಬೆರಳಿಗಂಟಿ ಒಣಗಿದ್ದನ್ನು ಉಗುರಿನಿಂದ ಕೆರೆಯುತ್ತಿದ್ದರು.

ಮನೆಯಲ್ಲೇ ಕೂತು ನುಡಿಸೋದು ತಾನೇ ಎಂದು ಸಂಭಾವನೆಯನ್ನು ಅರ್ಧಕ್ಕಿಳಿಸಿದ, ಕಛೇರಿ ಏರ್ಪಡಿಸುವ ಸಭೆಯವರ ಮೇಲೆ ನನಗೆ ಸಿಟ್ಟಿದೆ. ಅವರಿಗಿಲ್ಲ, ಕರೆದರಲ್ಲ, ಅಷ್ಟೇ ಸಾಕಂತೆ. ಎರಡು ವೈಶಾಖ ಮದುವೆಯ ಕಛೇರಿಗಳಿಲ್ಲದೆ ಕಳೆದವು. 2021ರ ಮೇ ತಿಂಗಳಲ್ಲಿ ಸರ್ಕಾರ ಕಲಾವಿದರಿಗೆ 3000 ರೂಪಾಯಿ ಘೋಷಿಸಿತು. ಬೆಂಗಳೂರಿನಲ್ಲಿ ಅದು ಒಂದು ತಿಂಗಳ ಬಾಡಿಗೆಗೂ ಸಾಲದು.

ತಿರುಗಿ ಮುಖ ನೋಡ್ತಾರಲ್ಲ. ಆ ಮಾತು ತಲೆಯಿಂದ ಹೋಗುತ್ತಿಲ್ಲ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ, 1939ರಲ್ಲಿ ಶುರುವಾದ ರಾಮಸೇವಾ ಮಂಡಳಿಯ ರಾಮನವಮಿ ಕಛೇರಿಗಳಲ್ಲಿ, ಆ ನೋಟ ಎಷ್ಟು ಸಲ ನನ್ನ ಕಣ್ಣೆದುರೇ ನಡೆದಿರಬೇಕು! ಹೊರಗೆ ಬಸ್ಸಿನ ಹಾರ್ನು, ವೇದಿಕೆಯ ಮೇಲೆ ಒಂದು ಕತ್ತು ತಿರುಗುತ್ತದೆ, ಒಂದು ತಲೆ ಅಲ್ಲಾಡುತ್ತದೆ. ನಾನು ನೋಡಲೇ ಇಲ್ಲ. ತನಿ ಶುರುವಾಯಿತೆಂದರೆ ಕಾಫಿಗೆ ಏಳುವವರಲ್ಲಿ ನಾನೂ ಒಬ್ಬ. ಒಬ್ಬ ಮನುಷ್ಯ ಎರಡು ಗಂಟೆ ಇನ್ನೊಬ್ಬರ ಹಾಡಿಗೆ ಹೆಗಲು ಕೊಟ್ಟು, ಕೊನೆಗೆ ತನ್ನ ಸರದಿ ಬಂದಾಗ ನಮ್ಮ ಬೆನ್ನು ನೋಡುತ್ತಿದ್ದ. 2020ರ ಏಪ್ರಿಲ್ 2ರ ರಾಮನವಮಿಗೆ, ಲಾಕ್‌ಡೌನಿನ ನಡುವೆ, ಆ ಮೈದಾನದಲ್ಲಿ ಕಛೇರಿ ನಡೆಯಲಿಲ್ಲ. ಆಗ ನಾನು ಹಾಡು ತಪ್ಪಿತೆಂದು ಮರುಗಿದ್ದೆ. ಮೃದಂಗದ ನೆನಪೇ ಬಂದಿರಲಿಲ್ಲ.

ನಿನ್ನೆ ಅವರೇ ಫೋನ್ ಮಾಡಿದರು. "ಕಿಟಕಿ ತೆಗೆದಿಡ್ತೀನಿ. ನಿಮ್ಮ ಬಾಲ್ಕನಿಯಲ್ಲಿ ಸುಮ್ಮನೆ ಕೂತಿರ್ತೀರಾ?"

ಕೂತೆ. ಹಾಡು ಕೇಳಿಸದ ನನಗೆ ತನಿ ಯಾವಾಗ ಬರುತ್ತದೆಂದು ತಿಳಿಯುವ ಹಾಗಿರಲಿಲ್ಲ, ಅವರ ಮುಖವನ್ನೇ ನೋಡುತ್ತಿದ್ದೆ. ಆ ಜಾಗ ಬಂದಾಗ ಅವರೇ ತಲೆಯೆತ್ತಿದರು. ನಾನು ತಲೆಯಾಡಿಸಿದೆ. ಕೈ ನಿಲ್ಲಲಿಲ್ಲ.